ಸಿಕ್ಸ್ ಬೈ ಸಿಕ್ಸ್ ಆದಮೇಲೂ

ದಾವಣಗೆರೆ ಬಿಟ್ಟು ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಬಹುಪಾಲು ಕಳೆದದ್ದು ಕಿಟಕಿಯಿಲ್ಲದ ಕತ್ತಲೆ ಕೋಣೆಗಳಲ್ಲಿ. ನಾನು ಡಾಕ್ಟರಲ್ಲ, ಆಪ್ಟೊಮೆಟ್ರಿಸ್ಟ್. ಚಾರ್ಟ್ ಓದಿಸುವುದು, ಡ್ರಾಪ್ಸ್ ಹಾಕುವುದು, ಓಸಿಟಿ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿ "ಹರಾ ನಿಶಾನ್ ದೇಖಿಯೇ, ಪಲಕ್ ಮತ್ ಝಪಕಾಯಿಯೇ" (ಹಸಿರು ಗುರುತು ನೋಡಿ, ರೆಪ್ಪೆ ಮಿಟುಕಿಸಬೇಡಿ) ಎನ್ನುವುದು, ಇಷ್ಟು ನನ್ನ ಕಸುಬು. ಕಾಯಿಲೆಗೆ ಹೆಸರಿಡುವವರು, ಔಷಧಿ ಬರೆಯುವವರು ಬೇರೆ.

ಆದರೆ ಕಣ್ಣು ತೋರಿಸಲೆಂದು ಬಂದ ಕೆಲವರ ರೋಗ ಇರುವುದು ಮೆದುಳಿನಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಥದ್ದು. ನಾವು ಎಂಎಸ್ ಎನ್ನುತ್ತೇವೆ. ದೇಹವನ್ನು ಕಾಯಬೇಕಾದ ಜೀವಕೋಶಗಳೇ ದಾರಿ ತಪ್ಪಿ ಮೆದುಳು, ಬೆನ್ನುಹುರಿ, ದೃಷ್ಟಿನರಗಳೊಳಗೆ ನುಗ್ಗಿ ನರತಂತುಗಳ ಮೇಲಿನ ಮೈಲಿನ್ ಎಂಬ ಹೊದಿಕೆಯನ್ನು ಕಿತ್ತುಹಾಕುತ್ತವೆ. ಮೈಲಿನ್ ಕೊಬ್ಬಿನಿಂದಾದದ್ದು, ಬೆಳ್ಳಗಿರುತ್ತದೆ. ಮೆದುಳಿನ ಒಳಭಾಗವನ್ನು ಬಿಳಿ ದ್ರವ್ಯ ಎಂದು ಕರೆಯುವುದು ಅದಕ್ಕೇ. 1868ರಲ್ಲಿ ಪ್ಯಾರಿಸ್‌ನ ಶಾರ್ಕೋ ಈ ಬಿಳಿ ದ್ರವ್ಯದಲ್ಲಿ ಗಟ್ಟಿಯಾದ ಕಲೆಗಳನ್ನು ಗುರುತಿಸಿ ರೋಗವನ್ನು ಕ್ರಮವಾಗಿ ವಿವರಿಸಿದ.

ಇನ್ನು ರೆಟಿನಾ. ದೆಹಲಿಯ ಪೇಷೆಂಟ್‌ಗಳ ಬಾಯಲ್ಲಿ ಅದು 'ಪರ್ದಾ'. ಹೆಸರು ಪರದೆಯಾದರೂ ಹುಟ್ಟಿನಿಂದ ಅದು ಮೆದುಳಿನದೇ ತುಂಡು. ಅದರಿಂದ ಹೊರಡುವ ಹತ್ತು ಹನ್ನೆರಡು ಲಕ್ಷ ತಂತುಗಳು ಒಂದು ಕಟ್ಟಾಗಿ ಮೆದುಳಿಗೆ ಹೋಗುತ್ತವೆ. ವಿಚಿತ್ರವೆಂದರೆ, ಕಣ್ಣಿನೊಳಗೆ ಇರುವಷ್ಟು ಹೊತ್ತು ಈ ತಂತುಗಳಿಗೆ ಮೈಲಿನ್ ಇರುವುದಿಲ್ಲ. ಕಣ್ಣಿನ ಹಿಂಭಾಗದ ಜರಡಿಯಂಥ ಪದರ ದಾಟಿದ ಮೇಲೇ ಹೊದಿಕೆ. ಹಾಗಾಗಿ ರೆಟಿನಾದ ದಪ್ಪ ಅಳೆದರೆ ಹೊದಿಕೆಯ ಲೆಕ್ಕ ಬೆರೆಯದೆ ತಂತುಗಳೆಷ್ಟು ಉಳಿದಿವೆ ಎಂಬುದೇ ಸಿಗುತ್ತದೆ. 1991ರಲ್ಲಿ ಜಗತ್ತಿಗೆ ಪರಿಚಯವಾದ ಓಸಿಟಿ, ಬೆಳಕು ಬಿಟ್ಟು ಅದು ಮರಳಿ ಬರುವ ಬಗೆಯಿಂದ ಈ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಹೇಳುತ್ತದೆ. ಸೂಜಿ ಬೇಡ, ವಿಕಿರಣವಿಲ್ಲ, ಕಣ್ಣಿಗೆ ಒಂದೆರಡು ನಿಮಿಷ.

ಈ ಯಂತ್ರದ ಪಕ್ಕದಲ್ಲಿ ಕೂತು ಕಲಿತದ್ದು, ಕೆಲವನ್ನು ತಪ್ಪು ಮಾಡಿ ಕಲಿತದ್ದು, ಇಲ್ಲಿದೆ.

1. ನಂಬರ್ ಬದಲಿಸುವ ಮುನ್ನ ಕೆಂಪು ಮುಚ್ಚಳ

ಗುರುಗ್ರಾಮದಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತಾರು ವರ್ಷ, ಊರು ಹಾವೇರಿ ಕಡೆ. ಹದಿನೈದು ದಿನದಲ್ಲಿ ಎರಡು ಕನ್ನಡಕ ಮಾಡಿಸಿದ್ದಳು. ಬಲಗಣ್ಣು ಮಂಜು ಮಂಜು. ನಾನು ಕನ್ನಡದವನೆಂದು ಗೊತ್ತಾದ ಮೇಲೆ ಬಾಯಿ ಬಿಟ್ಟಳು: "ಕಣ್ಣು ಹೊಳ್ಳಿಸಿದ್ರ ಹಿಂದ ಜಗ್ಗಿದಂಗ ಬ್ಯಾನಿ ಆಗ್ತೈತ್ರಿ ಸರ್."

ಕನ್ನಡಕದ ಅಂಗಡಿಯವರು ನೋವಿದೆಯೇ ಎಂದು ಕೇಳಿರಲೇ ಇಲ್ಲ. ಎಂಎಸ್ ದೃಷ್ಟಿನರಕ್ಕೆ ನುಗ್ಗಿದಾಗ ಆಗುವಂಥ ದೃಷ್ಟಿನರ ಉರಿಯೂತಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಈ ನೋವಿರುತ್ತದೆ. ನಂಬರ್ ಬದಲಾದರೆ ಮಂಜಾಗುತ್ತದೆ, ಕಣ್ಣು ಹೊರಳಿಸುವಾಗ ಎಳೆಯುವುದಿಲ್ಲ. ಸಣ್ಣ ತೂತಿನ ಫಲಕ ಹಿಡಿದು ನೋಡಿಸಿದೆ, ಓದುವುದು ಸುಧಾರಿಸಲಿಲ್ಲ. ಅಂದರೆ ಗಾಜಿನಿಂದ ಸರಿಯಾಗುವ ತೊಂದರೆ ಇದಲ್ಲ. ಆಮೇಲೆ ನನ್ನ ಮೆಚ್ಚಿನ ಉಪಕರಣ ತೆಗೆದೆ: ಪಾಪೆ ಅಗಲಿಸುವ ಡ್ರಾಪ್ಸ್ ಬಾಟಲಿಯ ಕೆಂಪು ಮುಚ್ಚಳ. ಒಂದೊಂದೇ ಕಣ್ಣಿಗೆ ತೋರಿಸಿ ಬಣ್ಣ ಹೋಲಿಸು ಎಂದೆ. ಎಡಗಣ್ಣಿಗೆ "ಕುಂಕುಮ", ಬಲಗಣ್ಣಿಗೆ "ಹಳೇ ಇಟ್ಟಂಗಿ". ಬಿಟ್ಟಿ ಸಿಗುವ ಈ ಮುಚ್ಚಳ ಮಾಡುವ ಕೆಲಸವನ್ನು ಎಷ್ಟೋ ದುಬಾರಿ ಸಾಮಾನು ಮಾಡುವುದಿಲ್ಲ.

2. ಮೊದಲು ಟಾರ್ಚ್, ಆಮೇಲೆ ಡ್ರಾಪ್ಸ್

ಇದು ನನ್ನ ತಪ್ಪಿನ ಪಾಠ. ಹಿಂದೆ ನಾನಿದ್ದೊಂದು ಕಡೆ ಬೆಳಿಗ್ಗೆ ಎಂಟಕ್ಕೇ ಇನ್ನೂರು ಜನರ ಸಾಲು. ಸಮಯ ಉಳಿಸಲು ಸಾಲಿನಲ್ಲಿ ನಿಂತವರಿಗೇ ಡ್ರಾಪ್ಸ್ ಹಾಕಿಬಿಡುತ್ತಿದ್ದೆವು. ಒಬ್ಬ ಕಾಲೇಜು ಹುಡುಗ ಒಂದು ಕಣ್ಣು ಮಸುಕೆಂದು ಬಂದಿದ್ದ. ಒಳಗೆ ಹೋಗುವಷ್ಟರಲ್ಲಿ ಎರಡೂ ಪಾಪೆಗಳು ಅಗಲವಾಗಿದ್ದವು. ದೃಷ್ಟಿನರದ ದೋಷ ಹಿಡಿಯುವ ಅತ್ಯುತ್ತಮ ಪರೀಕ್ಷೆ ಎಂದರೆ ಟಾರ್ಚ್ ಬೆಳಕನ್ನು ಈ ಕಣ್ಣಿಂದ ಆ ಕಣ್ಣಿಗೆ ಓಲಾಡಿಸುವುದು. ನರ ಸೋತ ಕಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ. ಔಷಧಿಯಿಂದ ಅಗಲಿಸಿದ ಪಾಪೆ ಏನನ್ನೂ ಹೇಳುವುದಿಲ್ಲ. ಕಣ್ಣಿನೊಳಗೆ ಎಲ್ಲವೂ ಚೆನ್ನಾಗಿ ಕಂಡಿತು, ಹುಡುಗನನ್ನು ಮನೆಗೆ ಕಳಿಸಿದರು. ಮೂರು ತಿಂಗಳ ನಂತರ ಕಾಲು ಜೋಮು ಹಿಡಿದು ಬೇರೆ ಆಸ್ಪತ್ರೆಗೆ ಹೋದನಂತೆ.

ಒಳಗೆ ಚೆನ್ನಾಗಿ ಕಾಣುವುದರಲ್ಲಿ ಆಶ್ಚರ್ಯವೇನಿಲ್ಲ. ಅಮೆರಿಕದ 15 ಕೇಂದ್ರಗಳಲ್ಲಿ 457 ಮಂದಿಯ ಮೇಲೆ ನಡೆದ ದೃಷ್ಟಿನರ ಉರಿಯೂತದ ದೊಡ್ಡ ಪ್ರಯೋಗದಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ ಕಣ್ಣಿನೊಳಗೆ ಕಾಣುವ ನರದ ಬಾಯಿ ಊದಿತ್ತು. ಉಳಿದವರದು ಕಣ್ಣಿನ ಹಿಂದೆ, ನಮ್ಮ ಬೆಳಕು ಮುಟ್ಟದ ಜಾಗದಲ್ಲಿ.

3. ಮೊದಲ ಸ್ಕ್ಯಾನನ್ನು ಅರ್ಧ ನಂಬಿ

ಹಾವೇರಿಯ ಹುಡುಗಿಯ ಮೊದಲ ಓಸಿಟಿಯಲ್ಲಿ ಬಲಗಣ್ಣಿನ ತಂತುಪದರ ಎಡಗಣ್ಣಿಗಿಂತ ದಪ್ಪವಾಗಿ ಬಂತು. ಎಲ್ಲ ಹಸಿರು. ಯಂತ್ರದ ಪ್ರಕಾರ ಏನೂ ತೊಂದರೆಯಿಲ್ಲ. ಉರಿಯೂತದ ಮೊದಲ ವಾರಗಳಲ್ಲಿ ಪದರ ಬಾತುಕೊಂಡಿರುತ್ತದೆ, ನಷ್ಟವನ್ನು ಬಾವು ಮುಚ್ಚಿಹಾಕುತ್ತದೆ. ಬಾವು ಇಳಿದು ನಿಜ ಹೊರಬರಲು ಮೂರರಿಂದ ಆರು ತಿಂಗಳು ಬೇಕು. ಆಗ ಸರಾಸರಿ ಇಪ್ಪತ್ತು ಮೈಕ್ರಾನ್‌ನಷ್ಟು ಹೋಗಿರುತ್ತದೆ. ಆರೋಗ್ಯವಂತರಲ್ಲಿ ಆ ಪದರ ಇರುವುದೇ ತೊಂಬತ್ತು, ನೂರು ಮೈಕ್ರಾನ್‌ನ ಆಸುಪಾಸು.

ಅದರ ಕೆಳಗಿನ, ಈ ತಂತುಗಳ ಮೂಲವಾದ ಗ್ಯಾಂಗ್ಲಿಯಾನ್ ಕೋಶಗಳ ಪದರ ಹೀಗೆ ಬಾತುಕೊಳ್ಳುವುದಿಲ್ಲ. ಒಂದು ತಿಂಗಳು ದಾಟುತ್ತಿದ್ದಂತೆ ಅದು ಸವೆಯುವುದು ಕಾಣತೊಡಗುತ್ತದೆ. ಈಗ ನಾನು ಮೊದಲು ನೋಡುವುದು ಅದನ್ನೇ.

4. ಚೆನ್ನಾಗಿರುವ ಕಣ್ಣಿಗೆ ಹೆಚ್ಚು ಸಮಯ ಕೊಡಿ

ಆರು ತಿಂಗಳ ನಂತರ ಹುಡುಗಿ ಮತ್ತೆ ಬಂದಳು. ಚಾರ್ಟಿನ ಕೊನೆಯ ಸಾಲನ್ನು ಎರಡೂ ಕಣ್ಣಲ್ಲಿ ಓದಿದಳು. ಸಿಕ್ಸ್ ಬೈ ಸಿಕ್ಸ್. ಜೊತೆಗೆ ಬಂದಿದ್ದ ಗೆಳತಿ ಮೊಬೈಲ್ ತೆಗೆದು ಊರಿಗೆ ಫೋನೂ ಮಾಡಿಬಿಟ್ಟಳು. ಸ್ಕ್ಯಾನ್ ಬೇರೆ ಹೇಳಿತು. ಬಲಗಣ್ಣಿನ ಪದರ ಸೊರಗಿತ್ತು, ಅದು ನಿರೀಕ್ಷಿತ. ನನ್ನನ್ನು ತಡೆದು ನಿಲ್ಲಿಸಿದ್ದು ಎಡಗಣ್ಣು. ಎಂದೂ ನೋಯದ, ಎಂದೂ ಮಂಜಾಗದ ಆ ಕಣ್ಣಿನ ಗ್ಯಾಂಗ್ಲಿಯಾನ್ ಪದರವೂ ಮೊದಲಿಗಿಂತ ತೆಳ್ಳಗಾಗಿತ್ತು.

ಇದು ಹೊಸ ಸಂಗತಿಯಲ್ಲ. ಓಸಿಟಿ ಹುಟ್ಟುವ ಮೊದಲೇ, 1974ರಲ್ಲಿ, ಫ್ರಿಸೆನ್ ಮತ್ತು ಹಾಯ್ಟ್ ಎಂಬ ಇಬ್ಬರು ವೈದ್ಯರು ಎಂಎಸ್ ಇರುವವರ ರೆಟಿನಾದಲ್ಲಿ ಸಣ್ಣ ಸೀಳುಗಳಂತೆ ತಂತುಗಳು ಮಾಯವಾಗಿರುವುದನ್ನು ಕಂಡಿದ್ದರು. ದೃಷ್ಟಿಯ ಬಗ್ಗೆ ಯಾವ ದೂರೂ ಇಲ್ಲದವರಲ್ಲೂ ಅದಿತ್ತು. ಕಣ್ಣಿನೊಳಗೆ ಇಣುಕಿ ನೋಡುವ ತಾಳ್ಮೆಯಿಂದ ಮಾಡಿದ ಕೆಲಸ ಅದು. ಯಂತ್ರ ಬಂದ ಮೇಲೆ ನಮ್ಮ ಕಸುಬಿನವರು ಆ ತಾಳ್ಮೆ ಕಳೆದುಕೊಂಡಿದ್ದೇವೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನೋಯದ ಕಣ್ಣು ಯಾಕೆ ಸವೆಯುತ್ತದೆ? ಒಂದು, ದೃಷ್ಟಿನರದಲ್ಲಿ ಸದ್ದಿಲ್ಲದೆ ಸಣ್ಣ ಉರಿಯೂತಗಳು ಆಗಿಹೋಗಿರಬಹುದು. ಇನ್ನೊಂದು ಕಾರಣ ಮೆದುಳಿನ ಬಿಳಿ ದ್ರವ್ಯದಲ್ಲಿದೆ. ಕಣ್ಣಿನಿಂದ ಹೊರಟ ತಂತುಗಳು ಮೆದುಳಿನ ನಡುವಿನ ಒಂದು ನಿಲ್ದಾಣದಲ್ಲಿ ನಿಲ್ಲುತ್ತವೆ. ಅಲ್ಲಿಂದ ಬೇರೆ ತಂತುಗಳು ಸುದ್ದಿ ಹೊತ್ತು ತಲೆಯ ಹಿಂಭಾಗಕ್ಕೆ ಹೋಗುತ್ತವೆ. ಆ ಎರಡನೇ ಹಾದಿ ಹಾಯುವುದು ಮೆದುಳಿನ ನೀರುಕೋಣೆಗಳ ಪಕ್ಕದಿಂದ. ಎಂಎಸ್ ಕಲೆಗಳಿಗೆ ಬಲು ಪ್ರೀತಿಯ ಜಾಗ ಅದು. ಅಲ್ಲಿ ತಂತುಗಳು ತುಂಡಾದರೆ ನಿಲ್ದಾಣದ ಕೋಶಗಳು ಸೊರಗುತ್ತವೆ, ಅವು ಸೊರಗಿದರೆ ಅವುಗಳಿಗೆ ಸುದ್ದಿ ತಲುಪಿಸುತ್ತಿದ್ದ ರೆಟಿನಾದ ಕೋಶಗಳೂ ನಿಧಾನಕ್ಕೆ ಸಾಯುತ್ತವೆ. ಪೆಟ್ಟು ಹಿಂದೆ, ಸವೆತ ಮುಂದೆ. ಹುಡುಗಿಯ ಎಂಆರ್‌ಐಯಲ್ಲಿ ಆ ಹಾದಿಯ ಮೇಲೇ ಎರಡು ಬಿಳಿ ಕಲೆಗಳಿದ್ದವು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ನಾಲ್ಕು ವರ್ಷ ಒಂದೇ ಗುಂಪಿನ ರೋಗಿಗಳ ಕಣ್ಣನ್ನೂ ಮೆದುಳನ್ನೂ ಅಳೆದು 2015ರಲ್ಲಿ ಪ್ರಕಟಿಸಿದ್ದು ಇದನ್ನೇ: ಗ್ಯಾಂಗ್ಲಿಯಾನ್ ಪದರ ಸವೆಯುವ ವೇಗಕ್ಕೂ ಮೆದುಳು ಕುಗ್ಗುವ ವೇಗಕ್ಕೂ ನಂಟಿದೆ. ಮರುವರ್ಷ ಬಂದ ಇನ್ನೊಂದು ಬಹುದೇಶೀಯ ಅಧ್ಯಯನ ಒಂದು ಗೆರೆಯನ್ನೂ ಎಳೆಯಿತು. ತಂತುಪದರ 87 ಅಥವಾ 88 ಮೈಕ್ರಾನ್‌ಗಿಂತ ಕೆಳಗಿದ್ದವರಲ್ಲಿ, ಮುಂದಿನ ವರ್ಷಗಳಲ್ಲಿ ಅಂಗವೈಕಲ್ಯ ಹೆಚ್ಚುವ ಸಂಭವ ಸುಮಾರು ಎರಡು ಪಟ್ಟು. ಆ ಲೆಕ್ಕ ಹಾಕಿದ್ದು ನರದ ಉರಿಯೂತ ಆಗದ ಕಣ್ಣುಗಳಿಂದ ಎಂಬುದನ್ನು ಮರೆಯಬಾರದು. ಪೆಟ್ಟು ತಿಂದ ಕಣ್ಣು ತನ್ನ ಕಥೆಯನ್ನಷ್ಟೇ ಹೇಳುತ್ತದೆ. ಪೆಟ್ಟು ತಿನ್ನದ ಕಣ್ಣಿನಲ್ಲಿ ಇಡೀ ಮೆದುಳಿನ ಸುದ್ದಿ ಇರುತ್ತದೆ.

ಮತ್ತೆ ಆ ಸಿಕ್ಸ್ ಬೈ ಸಿಕ್ಸ್. ಬಿಳಿ ಹಲಗೆಯ ಮೇಲೆ ಕಡುಗಪ್ಪು ಅಕ್ಷರ, ನಿಂತ ಅಕ್ಷರ, ಕತ್ತಲೆ ಕೋಣೆ. ದೆಹಲಿಯಲ್ಲಿ ಯಾರು ಹೀಗೆ ಬದುಕುತ್ತಾರೆ? ತಿಳಿಬೂದು ಬಣ್ಣದ ಅಕ್ಷರಗಳ ಚಾರ್ಟ್ ಇಟ್ಟಾಗ ಅವಳು ಎರಡನೇ ಸಾಲಿಗೇ ನಿಂತಳು. ನವೆಂಬರ್ ಹೊಗೆಯ ಬೆಳಿಗ್ಗೆ ಬಸ್ಸಿನ ನಂಬರ್ ಕಾಣುವುದಿಲ್ಲವೆಂದು ಆಗ ಒಪ್ಪಿಕೊಂಡಳು. ರಸ್ತೆ ದಾಟುವಾಗ ಎದುರಿಂದ ಬರುವ ಆಟೊ ನೇರ ಬರುತ್ತಿದೆಯೋ ಓರೆ ಬರುತ್ತಿದೆಯೋ ತಿಳಿಯುವುದಿಲ್ಲ ಎಂದೂ ಹೇಳಿದಳು. ಒಂದು ನರ ಸುದ್ದಿಯನ್ನು ತಡವಾಗಿ ಒಯ್ದರೆ, ಓಡುವ ವಸ್ತು ಎಲ್ಲಿದೆ ಎಂಬುದರಲ್ಲಿ ಎರಡು ಕಣ್ಣುಗಳಿಗೆ ಒಮ್ಮತವಿರುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಅವಳನ್ನು "ಪುಕ್ಕಲಿ" ಎನ್ನುತ್ತಿದ್ದರಂತೆ.

5. ಎಂಆರ್‌ಐಯ ಪ್ರತಿ ಚುಕ್ಕೆಗೂ ಹೆದರಬೇಡಿ

ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್‌ನಲ್ಲಿ ಎಂಆರ್‌ಐ ಮಾಡಿಸುವುದು ಈಗ ರಕ್ತ ಕೊಟ್ಟಷ್ಟೇ ಸಲೀಸು. ತಲೆನೋವಿಗೆ ಮಾಡಿಸಿಕೊಂಡು, ರಿಪೋರ್ಟ್‌ನಲ್ಲಿ 'ಡಿಮೈಲಿನೇಷನ್' (ಮೈಲಿನ್ ಕಳಚುವುದು) ಎಂಬ ಪದದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಕಂಡು, ರಾತ್ರಿಯಿಡೀ ಮೊಬೈಲ್ ನೋಡಿ ಬೆಳಿಗ್ಗೆ ನಡುಗುತ್ತಾ ಬರುವವರು ತಿಂಗಳಿಗೆ ನಾಲ್ಕಾರು ಮಂದಿ. ಬಿಳಿ ದ್ರವ್ಯದಲ್ಲಿ ಚುಕ್ಕೆ ಮೂಡಲು ಬಿಪಿ ಸಾಕು, ಮೈಗ್ರೇನ್ ಸಾಕು, ವಯಸ್ಸು ಸಾಕು. ಚುಕ್ಕೆ ಎಲ್ಲಿದೆ, ಯಾವ ಆಕಾರ ಎಂಬುದು ಮುಖ್ಯ. 1916ರಲ್ಲಿ ಎಡಿನ್‌ಬರೊದ ಡಾಸನ್ ವಿವರಿಸಿದಂತೆ, ಎಂಎಸ್ ಕಲೆಗಳು ಸಣ್ಣ ರಕ್ತನಾಳಗಳ ಸುತ್ತ ಬೆಳೆದು ನೀರುಕೋಣೆಯ ಅಂಚಿನಿಂದ ಬೆರಳು ಚಾಚಿದ ಹಾಗೆ ನಿಲ್ಲುತ್ತವೆ. ಬಿಪಿಯವರ ಚುಕ್ಕೆಗಳು ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಚೆಲ್ಲಿರುತ್ತವೆ. ಇಂಥವರ ರೆಟಿನಾ ನೋಡಿದರೆ ರಕ್ತನಾಳಗಳು ಕಿರಿದಾಗಿರುವುದು ಎಷ್ಟೋ ಸಲ ಅಲ್ಲೇ ಕಾಣುತ್ತದೆ.

ಬಿ12 ಕೊರತೆಯನ್ನು ಮರೆಯಬೇಡಿ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಅದು ಧಾರಾಳ, ದೃಷ್ಟಿನರವನ್ನೂ ಬೆನ್ನುಹುರಿಯನ್ನೂ ಎರಡನ್ನೂ ಕೆಡಿಸುತ್ತದೆ. ಟಿಬಿಗೆ ಎಥಾಂಬ್ಯುಟಾಲ್ ನುಂಗುತ್ತಿರುವವರನ್ನು ಕೇಳದೆ ಬಿಡಬೇಡಿ, ಆ ಮಾತ್ರೆಗೂ ದೃಷ್ಟಿನರ ಬಲಿಯಾಗುತ್ತದೆ. ಇವೆರಡರಲ್ಲೂ ಸಾಮಾನ್ಯವಾಗಿ ಎರಡೂ ಕಣ್ಣು ಸಮಸಮ, ನೋವಿಲ್ಲದೆ ಹೋಗುತ್ತವೆ.

6. ಎರಡೂ ಕಣ್ಣು ಜೋರಾಗಿ ಹೋದರೆ ಮಂಗಳೂರನ್ನು ನೆನೆಯಿರಿ

ದೆಹಲಿಯ ಸಹೋದ್ಯೋಗಿಗಳಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ. ಎಂಎಸ್ ಎಂದರೆ ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂದು ಹಿಂದೆ ಪಾಠ ಹೇಳುತ್ತಿದ್ದರು. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರದಲ್ಲಿ ಲೆಕ್ಕ ಹಾಕಿದಾಗ ಲಕ್ಷಕ್ಕೆ ಎಂಟರಷ್ಟು ಜನರಲ್ಲಿ ಎಂಎಸ್ ಸಿಕ್ಕಿತು. ಅದರ ಜೊತೆ ಅದರ ದಾಯಾದಿ ರೋಗವಾದ ನ್ಯೂರೊಮೈಲೈಟಿಸ್ ಆಪ್ಟಿಕಾ ಕೂಡ. ಈ ದಾಯಾದಿಯನ್ನು ಗುರುತಿಸುವ ಪ್ರತಿಕಾಯವನ್ನು 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಕಂಡುಹಿಡಿದಿದ್ದರು. ಜೀವಕೋಶಗಳ ಮೇಲೆ ಮಾಡುವ ಆ ಪ್ರತಿಕಾಯದ ರಕ್ತಪರೀಕ್ಷೆಯನ್ನು ಮಂಗಳೂರಿನ ತಂಡ ತನ್ನ ಪ್ರಯೋಗಾಲಯದಲ್ಲೇ ರೂಢಿಸಿಕೊಂಡಿತು.

ಇದು ಬರಿ ಹೆಸರಿನ ವ್ಯತ್ಯಾಸವಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್‌ನಂಥ ಔಷಧಿಗಳು ದಾಯಾದಿ ರೋಗವನ್ನು ಕೆರಳಿಸುತ್ತವೆ. ನನ್ನ ಯಂತ್ರದಲ್ಲಿ ಕಾಣುವ ಸುಳಿವು ಇಷ್ಟು: ಒಂದೇ ದಾಳಿಗೆ ಮೂವತ್ತು ನಲವತ್ತು ಮೈಕ್ರಾನ್ ಹಾರಿಹೋಗಿದ್ದರೆ, ದೃಷ್ಟಿ ಬೆರಳೆಣಿಸುವ ಮಟ್ಟಕ್ಕೆ ಇಳಿದು ಮೇಲೇಳದಿದ್ದರೆ, ಎರಡೂ ಕಣ್ಣು ಒಟ್ಟಿಗೆ ಹೋದರೆ, ನಾನು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಡಾಕ್ಟರ ಮೇಜಿಗೆ ಖುದ್ದಾಗಿ ಒಯ್ಯುತ್ತೇನೆ. ನರದ ಬಾಯಿ ವಿಪರೀತ ಊದಿ, ಆಮೇಲೆ ದೃಷ್ಟಿ ಚೆನ್ನಾಗಿಯೇ ಮರಳಿದರೆ 'ಮಾಗ್' ಎಂಬ ಇನ್ನೊಂದು ದಾಯಾದಿಯಿದೆ. ಮಕ್ಕಳಲ್ಲಿ ಅದೇ ಹೆಚ್ಚು.

7. ಮೇ ತಿಂಗಳು ಬಂದರೆ ಕಣ್ಣು ಮಸುಕಾಗುತ್ತದೆ

2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ. ಆ ವಾರ ನನ್ನ ಎಂಎಸ್ ಪೇಷೆಂಟ್‌ಗಳ ಫೋನ್ ನಿಲ್ಲಲೇ ಇಲ್ಲ. ಮೆಟ್ರೊ ಇಳಿದು ಹತ್ತು ನಿಮಿಷ ನಡೆದರೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ, ಎಸಿಯಲ್ಲಿ ಅರ್ಧ ಗಂಟೆ ಕೂತರೆ ಮತ್ತೆ ಸರಿ. 1890ರಲ್ಲಿ ಜರ್ಮನಿಯ ಉಹ್ತೋಫ್ ಇದನ್ನು ದಾಖಲಿಸಿದ್ದ. ಹೊದಿಕೆ ಕಳೆದುಕೊಂಡ ನರ ಹೇಗೋ ಏದುಸಿರು ಬಿಡುತ್ತ ಸುದ್ದಿ ಸಾಗಿಸುತ್ತಿರುತ್ತದೆ, ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಕೈಚೆಲ್ಲುತ್ತದೆ. ಇದು ಹೊಸ ದಾಳಿಯಲ್ಲ. ತಂಪಾದ ಮೇಲೆ ಸ್ಕ್ಯಾನ್ ಮಾಡಿದರೆ ಪದರ ಹಿಂದಿನಷ್ಟೇ ಇರುತ್ತದೆ. ತಣ್ಣಗಾದ ಮೇಲೂ ಇಪ್ಪತ್ನಾಲ್ಕು ಗಂಟೆ ಮಸುಕು ಹಾಗೇ ಉಳಿದರೆ ಮಾತ್ರ ಆಸ್ಪತ್ರೆಗೆ ಹೊರಡಿ ಎನ್ನುತ್ತೇನೆ.

ದೆಹಲಿಯ ಆರ್.ಕೆ. ಪುರಂನ ಕನ್ನಡದ ಗೃಹಿಣಿಯೊಬ್ಬರು ಯುಗಾದಿಯ ಎಣ್ಣೆಸ್ನಾನದ ದಿನವೇ ಇದನ್ನು ಕಂಡವರು. ಹಂಡೆಯ ಬಿಸಿನೀರು ಹೊಯ್ದುಕೊಂಡ ಮೇಲೆ ಒಂದು ಕಣ್ಣು ಕತ್ತಲಾಯಿತು. ಸೀಗೆಪುಡಿ ಬಿತ್ತೆಂದು ಸೊಸೆ ತಣ್ಣೀರು ಎರಚಿದಳು, ಸರಿಹೋಯಿತು. ದೀಪಾವಳಿಗೆ ಮತ್ತೆ ಅದೇ. "ಸೀಗೆಪುಡಿ ಬದಲಿಸಿದ್ದೀನಿ, ಆದ್ರೂ ಹೀಗಾಗುತ್ತೆ ನೋಡಿ" ಎಂದು ಪೊಟ್ಟಣವನ್ನೇ ತಂದಿದ್ದರು. ಎಂಆರ್‌ಐ ಇಲ್ಲದ ಕಾಲದಲ್ಲಿ ವೈದ್ಯರು ಈ ರೋಗ ಪತ್ತೆಗೆ ಜನರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಅಮ್ಮನವರು ಆ ಪರೀಕ್ಷೆಯನ್ನು ಮನೆಯಲ್ಲೇ ಎರಡು ಸಲ ಮಾಡಿಕೊಂಡಿದ್ದರು.

8. ಯಂತ್ರ ಬದಲಿಸಬೇಡಿ

ನೋಯ್ಡಾದಲ್ಲಿ ಒಂದು ಸ್ಕ್ಯಾನ್, ಫರೀದಾಬಾದಿನಲ್ಲಿ ಇನ್ನೊಂದು, ಎರಡನ್ನೂ ಕಳೆದು ಲೆಕ್ಕ ಹಾಕುವುದು ಪಾವು ಸೇರುಗಳಲ್ಲಿ ಅಳೆದದ್ದನ್ನು ಕಿಲೊದಲ್ಲಿ ಕಳೆದ ಹಾಗೆ. ಬೇರೆ ಕಂಪನಿಗಳ ಯಂತ್ರಗಳ ಅಂಕಿ ಒಂದಕ್ಕೊಂದು ಹೊಂದುವುದಿಲ್ಲ. ದೊಡ್ಡ ಮೈನಸ್ ನಂಬರಿನವರಿಗೆ ಯಂತ್ರ ಸುಮ್ಮಸುಮ್ಮನೆ ಕೆಂಪು ತೋರಿಸುತ್ತದೆ. ಸಿಗ್ನಲ್ ಕಡಿಮೆಯಿದ್ದ ಸ್ಕ್ಯಾನನ್ನು ನಾನು ಹರಿದು ಬಿಸಾಡುತ್ತೇನೆ.

ಒಂದು ಮಾತು ಸೇರಿಸಲೇಬೇಕು. ಎಂಎಸ್ ಗುರುತಿಸಲು ವೈದ್ಯರು ಬಳಸುವ 2017ರ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ ದೃಷ್ಟಿನರಕ್ಕೆ ಜಾಗವಿರಲಿಲ್ಲ. 2024ರ ಪರಿಷ್ಕರಣೆಯಲ್ಲಿ ಅದು ರೋಗ ಹುಡುಕುವ ಐದನೇ ಜಾಗವಾಗಿ ಸೇರಿದೆ, ಓಸಿಟಿಗೂ ಮಾನ್ಯತೆ ಸಿಕ್ಕಿದೆ. ಎರಡು ಕಣ್ಣುಗಳ ಗ್ಯಾಂಗ್ಲಿಯಾನ್ ಪದರದ ನಡುವೆ ನಾಲ್ಕು ಮೈಕ್ರಾನ್ ವ್ಯತ್ಯಾಸವೂ ಈಗ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮೈಕ್ರಾನ್! ರೋಗಿ ಒಮ್ಮೆ ಕೆಮ್ಮಿದರೆ ಅಷ್ಟು ತಪ್ಪು ನನ್ನಿಂದಲೇ ಆದೀತು.

9. ಮೆಡಿಕಲ್ ಅಂಗಡಿಯ ಸ್ಟೆರಾಯ್ಡ್ ಮಾತ್ರೆ

ಮೇಲೆ ಹೇಳಿದ 457 ಮಂದಿಯ ಪ್ರಯೋಗ ಕೊಟ್ಟ ಉತ್ತರ ಸ್ಪಷ್ಟ. ಡ್ರಿಪ್‌ನಲ್ಲಿ ದಿನಕ್ಕೆ ಒಂದು ಗ್ರಾಂನಂತೆ ಮೂರು ದಿನ ಕೊಟ್ಟ ಸ್ಟೆರಾಯ್ಡ್ ದೃಷ್ಟಿಯನ್ನು ಬೇಗ ಮರಳಿಸಿತು. ಸಾಧಾರಣ ಪ್ರಮಾಣದ ಮಾತ್ರೆಯನ್ನಷ್ಟೇ ನುಂಗಿದವರಲ್ಲಿ ಉರಿಯೂತ ಮರುಕಳಿಸುವುದು ಹೆಚ್ಚಾಯಿತು. ಆದರೂ ಚೀಟಿಯಿಲ್ಲದೆ ಮಾತ್ರೆ ಕೊಡುವ ಅಂಗಡಿಗಳು ಗಲ್ಲಿಗೊಂದಿವೆ. ಅದೇ ಪ್ರಯೋಗದವರನ್ನು 15 ವರ್ಷ ಹಿಂಬಾಲಿಸಿದಾಗ, ಶುರುವಿನ ಎಂಆರ್‌ಐಯಲ್ಲಿ ಒಂದಾದರೂ ಕಲೆ ಇದ್ದವರಲ್ಲಿ ನೂರಕ್ಕೆ 72 ಮಂದಿಗೆ ಎಂಎಸ್ ಬಂದಿತ್ತು, ಕಲೆಯೇ ಇಲ್ಲದವರಲ್ಲಿ 25 ಮಂದಿಗೆ. ಕಣ್ಣು ಸರಿಹೋಯಿತೆಂದು ಎಂಆರ್‌ಐ ಮುಂದೂಡುವವರಿಗೆ ನಾನು ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಎಂಎಸ್ ಖಚಿತವಾಗಿ ಫಿಂಗೊಲಿಮೋಡ್ ಶುರುಮಾಡಿದವರು ಮೂರು ನಾಲ್ಕು ತಿಂಗಳಿಗೆ ರೆಟಿನಾದ ನಡುಭಾಗ ಬಾತಿದೆಯೇ ಎಂದು ಮರೆಯದೆ ನೋಡಿಸಿಕೊಳ್ಳಬೇಕು.

10. ಕೇಬಲ್‌ನ ಮಾತನ್ನು ರೈತನಿಗೇ ಬಿಡಿ

ಹುಡುಗಿಯ ಅಪ್ಪ ಹಾವೇರಿಯಿಂದ ರೈಲಿನಲ್ಲಿ ಬಂದಿದ್ದರು. ಬಿಳಿ ಟೋಪಿ, ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಡಾಕ್ಟರ್ ಹಿಂದಿಯಲ್ಲಿ ಹೇಳಿದ್ದು ಅವರ ತಲೆಗೆ ಹೋಗಿರಲಿಲ್ಲ. ನನ್ನ ಕೋಣೆಯಲ್ಲಿ ಕೂರಿಸಿ ಮೈಲಿನ್ ಬಗ್ಗೆ ಕಾಗದದಲ್ಲಿ ಬರೆದು ಬಿಡಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಂದ್ರ ಬೋರಿನ ಕೇಬಲ್ ಇಲಿ ಕಡದಂಗ ಅನ್ರಿ. ಮ್ಯಾಲಿನ ರಬ್ಬರ್ ತಿಂದಾವು, ಒಳಗಿನ ತಂತಿ ಹಂಗ ಐತಿ" ಎಂದರು.

"ಹೌದ್ರಿ ಕಾಕಾ. ಆದ್ರ ರಬ್ಬರ್ ಹೋದ ಮ್ಯಾಲೆ ಬಾಳ ದಿನಾ ಬಿಟ್ರ ತಂತೀನೂ ಸೊರಗತೈತಿ. ನಾನು ಕಣ್ಣಾಗ ಅಳಿಯೋದು ತಂತೀನ."

"ಎಷ್ಟ್ ಉಳದಾವ?"

ಪರದೆಯ ಮೇಲೆ ಎರಡೂ ಕಣ್ಣುಗಳ ಅಂಕಿ ತೋರಿಸಿದೆ. ಅವರು ಬಲಗಣ್ಣಿನ ಅಂಕಿಯ ಮೇಲೆ ಬೆರಳಿಟ್ಟರು, ಎಡಗಣ್ಣಿನದರ ಮೇಲೆ ಇಟ್ಟರು, ಮಗಳ ಮುಖ ನೋಡಿದರು. ಅವಳು ಮೊಬೈಲ್ ನೋಡುತ್ತಿದ್ದಳು.

"ಕೇಬಲ್ ಬದ್ಲಿ ಮಾಡಾಕ ಬರೂದಿಲ್ಲೇನ್ರಿ?"

"ಬರೂದಿಲ್ರಿ. ಇಲಿ ಹಿಡೀಬೇಕು, ಅಷ್ಟ."

"ಇಲಿ ಪಾಷಾಣಕ್ಕ ಎಷ್ಟಾಕ್ಕೈತಿ?"

ಅದನ್ನು ನರತಜ್ಞರೇ ಹೇಳಬೇಕು ಎಂದು ಕೋಣೆಯ ನಂಬರು, ಮಹಡಿ ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡರು. ಹೋಗುವಾಗ ಅರ್ಧ ರೊಟ್ಟಿ ಮುರಿದು ನನ್ನ ಮೇಜಿನ ಮೇಲೆ, ಕೀಬೋರ್ಡ್ ಪಕ್ಕ ಇಟ್ಟು ಹೋದರು.